ಮಗಳಿಗೆ ನಾ ಆರಿಸಿದ ತೆಲುಗು

ಕೈಯಾಗಿನ ಕೆಲಸ ಬಿಟ್ಟು ಹತ್ರ ಬಂದು ಕುಂದರ್ರಿ, ನಾ ಮಾಡಿದ ತಪ್ಪೊಂದು ಹೇಳ್ತೀನಿ.

ಮಗಳು ನೀಲಾನ್ನ ಕಾಲೇಜಿಗೆ ಸೇರಿಸಾಕ ಸಿರುಗುಪ್ಪದಿಂದ ಬಳ್ಳಾರಿಗೆ ಹೋಗಿದ್ದೆ. ಟೀಚರ್ ಆಗಬೇಕಂತ ಅವಳಿಗೆ ಭಾಳ ಆಸೆ. ಅಲ್ಲಿ ಗುಮಾಸ್ತರು ಕೇಳಿದರು, "ಎರಡನೇ ಭಾಷೆ ತೆಲುಗು ಐತಿ, ಅದರಾಗ ಎರಡು ಥರ. ಅಕ್ಷರದಿಂದ ಕಲಿಸೋದೊಂದು, ಹಳೇ ಪದ್ಯ ಓದಿಸೋ ಮ್ಯಾಲಿಂದೊಂದು. ಯಾವುದು ಬರೀಲಿ?"

ನೀಲಾ ನನ್ನ ಸೆರಗು ಜಗ್ಗಿದಳು. "ಯವ್ವಾ, ಕೆಳಗಿಂದು ಸಾಕು. ನನಗ ತೆಲುಗು ಅಕ್ಷರ ಬರಂಗಿಲ್ಲ."

"ಸುಮ್ನಿರಲೇ" ಅಂದು ಅವರಿಗೆ ಹೇಳಿದೆ, "ಸಂತ್ಯಾಗ ತೆಲುಗಿನವರ ಕೂಡ ಜಗಳಾಡಿ ಗೆಲ್ತಾಳ್ರಿ ಇವಳು. ಮ್ಯಾಲಿಂದಕ್ಕ ಬರೀರಿ."

"ಪರೀಕ್ಷೆಯಾಗ ಜಗಳ ಕೇಳಂಗಿಲ್ಲಮ್ಮ. ಆಮ್ಯಾಲ ಬದಲಿಸಾಕೂ ಬರಂಗಿಲ್ಲ."

"ಮಾತು ಬಂದ ಮ್ಯಾಲ ಓದೋದೇನು ದೊಡ್ಡದ್ರಿ?" ಹುಟ್ಟಿದಾಗಿಂದ ಕನ್ನಡ ಮಾತಾಡಿಯೂ ಕನ್ನಡದ ಒಂದಕ್ಷರ ಓದಾಕ ಬಾರದ ನಾನು ಹಿಂಗಂದೆ. ಅವರು ಬರೆದೇಬಿಟ್ಟರು.

ಆ ಒಂದು ವಿಷಯದಾಗ ನೀಲಾ ಮೂರು ಸಲ ಫೇಲಾಗಿ ಓದು ಬಿಟ್ಟಳು. ನನ್ನ ಬೈಯಲಿಲ್ಲ. ಬೈದಿದ್ದರ ಚಲೋ ಇತ್ತು.

ಗುಮಾಸ್ತರು ಬಡ್ತಿ ಸಿಕ್ಕು ಬೇರೆ ಊರಿಗೆ ಹೋದರು. ನೀಲಾ ಹಚ್ಚೊಳ್ಳಿಗೆ ಮದುವೆಯಾಗಿ ಹೋದಳು. ಸಾಲಿ ಗಂಟಿ ಹೊಡೆದರ ಇವತ್ತಿಗೂ ಎದ್ದು ಬಾಗಿಲು ಮುಚ್ಚತಾಳ. ನಾನು ಇನ್ನೊಬ್ಬರ ಪರವಾಗಿ ಉತ್ತರ ಕೊಡೋದು ಬಿಟ್ಟೀನಿ. ಈಗ ನನ್ನ ಕೇಳೋರಾದ್ರೂ ಯಾರು ಅದಾರ ಬಿಡ್ರಿ.