ಗಂಟೆ ಭಾವ ಕಟಕಟೆ ಹತ್ತಿದ್ದು

ಬರೆದುಕೊಳ್ಳುತ್ತಿದ್ದೀಯಾ ಪುಟ್ಟಿ? ಯಾರಿಗೆ ದೇವರಲ್ಲಿ ನಂಬಿಕೆ ಬಹಳ, ಯಾರಿಗೆ ಸ್ವಲ್ಪ ಎಂದು ಮನೆಮನೆಗೆ ಹೋಗಿ ಕೇಳಿಕೊಂಡು ಬನ್ನಿ ಎಂದಿದ್ದಾರಲ್ಲ ನಿಮ್ಮ ಕಾಲೇಜಿನವರು, ನನ್ನದು ಆಮೇಲೆ ಹೇಳುತ್ತೇನೆ. ಮೊದಲು ನನ್ನ ಅಕ್ಕನ ಗಂಡನ ವಿಷಯ ಕೇಳು. ನಾವೆಲ್ಲ ಅವರನ್ನು ಗಂಟೆ ಭಾವ ಎನ್ನುತ್ತಿದ್ದೆವು.

ಭಾವ ಕೋರ್ಟಿನಲ್ಲಿ ಜವಾನರು. ಸಾಕ್ಷಿಯ ಹೆಸರು ಕೂಗುವುದು, ಅವನು ಕಟಕಟೆ ಹತ್ತಿದ ಮೇಲೆ “ನಾನು ಹೇಳಿದ ಹಾಗೆ ಹೇಳಿ” ಎಂದು ದೇವರ ಮೇಲೆ ಪ್ರಮಾಣ ಮಾಡಿಸುವುದು ಅವರ ಕೆಲಸ. ಎಂಥ ಗಂಟಲು ಅಂತೀಯಾ! ವರಾಂಡದ ಆ ತುದಿಯಲ್ಲಿ ತೂಕಡಿಸುತ್ತಿದ್ದವನು ಬೆಚ್ಚಿಬಿದ್ದು, ತನ್ನದಲ್ಲದ ಹೆಸರಿಗೂ “ಬಂದೆ” ಎನ್ನುತ್ತಿದ್ದ. ಅಕ್ಕ ಮದುವೆಯಾದ ಹೊಸತರಲ್ಲಿ “ಉಪ್ಪು ಕೊಡು ಅನ್ನೋದನ್ನೂ ಬೀದಿಗೆಲ್ಲ ಕೇಳೋ ಹಾಗೆ ಕೂಗ್ತಾರೆ ಕಣೇ” ಎಂದು ಅತ್ತಿದ್ದಳು. ಆಮೇಲೆ ಅವಳ ಕಿವಿಯೇ ಮಂದವಾಯಿತು, ಜೋಡಿ ಸರಿಹೋಯಿತು.

ಏನು ಹೇಳುತ್ತಿದ್ದೆ? ಹಾಂ, ಗಂಟೆ. ನಮ್ಮ ಬೀದಿಯ ಪ್ರಾರ್ಥನಾ ಮಂದಿರದ ಗಂಟೆಯನ್ನು ದಿನಾ ನಸುಕಿನಲ್ಲಿ ಬಾರಿಸುವವರು ಭಾವನೇ. ಯಾರೂ ಹೇಳಿದ್ದಲ್ಲ, ಕೊಟ್ಟಿದ್ದೂ ಏನಿಲ್ಲ. ಹಗ್ಗ ಹಿಡಿದರೆ ಆ ಮನುಷ್ಯನ ಮುಖವೇ ಬೇರೆ. ಎಳೆಯುವ ಮೊದಲು ತಲೆ ಬಗ್ಗಿಸಿ, “ನಿನ್ನೆಯೂ ನಿನ್ನನ್ನು ತುಂಬಾ ಸಲ ಕೋರ್ಟಿಗೆ ಕರೆದೆನಪ್ಪಾ, ಬೇಜಾರು ಮಾಡ್ಕೋಬೇಡ” ಎಂದು ದೇವರಲ್ಲಿ ಕ್ಷಮೆ ಕೇಳುತ್ತಿದ್ದರು. ಅವರೇ ಬಾಯಿಪಾಠ ಮಾಡಿಸಿದ ಪ್ರಮಾಣ ಮುಗಿಸಿ, ಅದೇ ಉಸಿರಿನಲ್ಲಿ ಸುಳ್ಳು ಶುರುಮಾಡುವವರನ್ನು ಎಷ್ಟು ಜನರನ್ನು ನೋಡಿದ್ದರೋ! ಮನೆಯಲ್ಲಿ ನಿಮ್ಮಪ್ಪ ಚಿಕ್ಕವನಿದ್ದಾಗ “ದೇವರಾಣೆ ನಾನು ಸಕ್ಕರೆ ಡಬ್ಬ ಮುಟ್ಟಿಲ್ಲ” ಎಂದರೆ, “ಆಣೆ ಆಮೇಲೆ, ಮೊದಲು ನಾಲಿಗೆ ಚಾಚು” ಎನ್ನುತ್ತಿದ್ದರು. ಸಿಕ್ಕಿಬೀಳುತ್ತಿದ್ದ, ಪಾಪ.

ನಿವೃತ್ತರಾದ ದಿನ ಗಂಟೆಯ ಕೆಳಗೆ ನಿಂತು, “ಇನ್ನು ಮೇಲೆ ನಿನ್ನನ್ನ ಆ ಕಟ್ಟಡಕ್ಕೆ ಕರೆಯೋದಿಲ್ಲ” ಎಂದು ದೇವರಿಗೆ ಮಾತು ಕೊಟ್ಟರಂತೆ.

ಮಂದಿರದ ಕಾಂಪೌಂಡ್ ಗೋಡೆಗೆ ಒತ್ತಿಕೊಂಡು ಇಸ್ತ್ರಿ ಅಮ್ಮನ ಗಾಡಿ ನಿಲ್ಲುತ್ತಿತ್ತು. ಗಂಡ ಸತ್ತ ಮೇಲೆ ಆ ಕೆಂಡದ ಪೆಟ್ಟಿಗೆಯಿಂದಲೇ ಅವಳ ಮನೆ ನಡೆಯುತ್ತಿದ್ದದ್ದು. ಮಂದಿರದವರಿಗೆ ಅಲ್ಲೊಂದು ದೊಡ್ಡ ಬಾಗಿಲು ಮಾಡುವ ಆಸೆ. ಜಾಗ ಮೊದಲಿನಿಂದಲೂ ನಮ್ಮದೇ, ಇವಳು ನಿನ್ನೆ ಮೊನ್ನೆ ಬಂದವಳು ಎಂದು ಕೋರ್ಟಿಗೆ ಹೋದರು. ಸಾಕ್ಷಿಗೆ ಯಾರು? ಭಾವ! ದಿನಾ ಗಂಟೆ ಗೂಡಿನಲ್ಲಿ ನಿಲ್ಲುವ ಭಕ್ತ, ನಮ್ಮ ಪರವಾಗಿಯೇ ಹೇಳುತ್ತಾನೆ ಎಂಬ ಧೈರ್ಯ. ಏನು ಹೇಳುತ್ತೀಯ ಎಂದು ಒಬ್ಬರಾದರೂ ಕೇಳಬೇಕೋ ಬೇಡವೋ?

ಅಕ್ಕನಿಗೆ ಗೊತ್ತಾಗಿಹೋಗಿತ್ತು. “ರೀ, ನಿಜ ಹೇಳಿದ್ರೆ ನಾಳೆಯಿಂದ ಹಗ್ಗ ಮುಟ್ಟೋಕೆ ಬಿಡಲ್ಲ ಅವರು.”

“ಗೊತ್ತು.”

“ಗಂಟೆ ಬಾರಿಸದಿದ್ರೆ ನಿಮಗೆ ಮಲಬದ್ಧತೆ ಆಗುತ್ತೆ.”

“ಅದೂ ಗೊತ್ತು, ಸುಮ್ನಿರು.”

ಅವತ್ತು ನಾವೂ ಹೋಗಿದ್ದೆವು. ಭಾವನ ಜಾಗಕ್ಕೆ ಬಂದವಳು ಅವರೇ ಕೆಲಸ ಕಲಿಸಿದ ಹೆಂಗಸು. ಬಾಗಿಲಲ್ಲಿ ನಿಂತು ಭಾವನ ಹೆಸರು ಕೂಗಿದಳು, ದನಿ ಹೊಸಿಲೂ ದಾಟಲಿಲ್ಲ. ಭಾವನಿಗೆ ತಡೆಯಲಾಗಲಿಲ್ಲ. “ಹೊಟ್ಟೆಯಿಂದ ಕೂಗಮ್ಮಾ!” ಎಂದು ತಮ್ಮ ಹೆಸರನ್ನು ತಾವೇ ಗೋಡೆ ನಡುಗುವ ಹಾಗೆ ಕೂಗಿ, ತಾವೇ “ಬಂದೆ” ಎಂದು ಒಳಗೆ ಹೋದರು. ಕಟಕಟೆ ಹತ್ತಿದವರು ಅಭ್ಯಾಸಬಲದಿಂದ, “ನಾನು ಹೇಳಿದ ಹಾಗೆ ಹೇಳಿ” ಎಂದುಬಿಟ್ಟರು. ಅವಳೂ ಕೈಕಟ್ಟಿಕೊಂಡು, “ಹೇಳಿ ಸಾರ್” ಎಂದಳು!

ಜಡ್ಜು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಏನ್ರೀ, ಸಾಕ್ಷಿ ನೀವೋ ಅವರೋ?”

ನಗು ನಿಂತ ಮೇಲೆ ಭಾವ ಮೆಲ್ಲಗೆ, ಜೀವಮಾನದಲ್ಲಿ ಮೊದಲ ಸಲ ಮೆಲ್ಲಗೆ, ಹೇಳಿದರು: “ಸ್ವಾಮಿ, ದೇವರ ಹೆಸರು ಬೇಡ. ಮನಸ್ಸಾಕ್ಷಿ ಮೇಲೆ ಹೇಳ್ತೀನಿ. ಕಾನೂನಲ್ಲಿ ಅದಕ್ಕೂ ಅವಕಾಶ ಇದೆಯಲ್ಲ.”

ಮಂದಿರದ ಹಿರಿಯರ ಬಾಯಿ ತೆರೆದದ್ದು ಹಾಗೇ ಉಳಿಯಿತು. ಗಂಟೆ ಬಾರಿಸುವವನಿಗೇ ದೇವರ ಹೆಸರು ಬೇಡವೇ? ಅವರ ವಕೀಲರು, “ಈ ಜಾಗ ಮೊದಲಿಂದ್ಲೂ ಮಂದಿರದ್ದೇ ತಾನೇ?” ಎಂದರು.

“ಇಲ್ಲ. ಕಾಂಪೌಂಡ್ ಗೋಡೆ ಏಳೋಕೆ ಮುಂಚೆಯೇ ಈಯಮ್ಮ ಅಲ್ಲಿದ್ರು. ಗೋಡೆ ಕಟ್ಟೋರಿಗೆ ಕುಡಿಯೋಕೆ ನೀರು ಕೊಟ್ಟಿದ್ದೂ ಅವರೇ. ಗಂಟೆ ಗೂಡಿನಿಂದ ನಾನೇ ನೋಡಿದೀನಿ.”

ಗಾಡಿ ಉಳಿಯಿತು. ಗಂಟೆ ಹೋಯಿತು. ಹಿರಿಯರೇ ಮನೆಗೆ ಬಂದು ಗೂಡಿನ ಬೀಗದ ಕೈ ಕೇಳಿದರು. “ನಿಜ ಹೇಳಿದ್ದನ್ನಾದ್ರೂ ನಾವು ನುಂಗ್ಕೋಬಹುದಿತ್ತು. ದೇವರನ್ನೇ ಬಿಟ್ಟೆಯಲ್ಲಯ್ಯಾ!”

“ಬಿಡಲಿಲ್ಲ ಅಣ್ಣಾ, ಎಳೆದುಕೊಂಡು ಹೋಗಲಿಲ್ಲ, ಅಷ್ಟೇ” ಎಂದು ಭಾವ ಬೀಗದ ಕೈ ಕೊಟ್ಟರು.

ನಸುಕಿನಲ್ಲಿ ಏಳುವವರು ಬೇರೆ ಯಾರೂ ಸಿಗದೆ ಹಿರಿಯರೇ ಹಗ್ಗ ಹಿಡಿದರು. ಒಂದು ಏಟು ಬಿದ್ದರೆ ಇನ್ನೊಂದಕ್ಕೆ ಕಾಯಬೇಕು, ಅಷ್ಟರಲ್ಲಿ ಎರಡು ಒಟ್ಟಿಗೇ ಬೀಳುತ್ತವೆ. ಆ ಸದ್ದಿಗೆ ಭಾವನ ಕೈ ತಾನಾಗಿ ಕೆಳಗೆ ಜಗ್ಗುತ್ತಿತ್ತು, ಕಾಫಿ ಪಂಚೆಯ ಮೇಲೆ ಚೆಲ್ಲುತ್ತಿತ್ತು. “ಅದು ಲೋಟ ಕಣ್ರೀ” ಎಂದು ಅಕ್ಕ ಒರೆಸಿ, ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಒಂದು ದಿನ ಭಾವ ಇಸ್ತ್ರಿ ಅಮ್ಮನ ಗಾಡಿಯ ಹತ್ತಿರ ಹರಟುತ್ತಾ ಕೂತಿದ್ದರು. ಹಿರಿಯರು ಅಂಗಿ ಇಸ್ತ್ರಿಗೆ ತಂದರು, ಹೌದಮ್ಮಾ, ಅವಳ ಹತ್ತಿರವೇ! ಬಲಗೈ ಮೇಲಕ್ಕೆ ಏಳುತ್ತಿಲ್ಲ. ಭಾವ ಆ ಕಡೆ ಈ ಕಡೆ ನೋಡಿ, ಕೊನೆಗೆ ಹೇಳಿಯೇಬಿಟ್ಟರು: “ಅಣ್ಣಾ, ತೋಳಿಂದ ಎಳೀಬೇಡಿ. ಮಂಡಿ ಸಡಿಲ ಬಿಟ್ಟು ಮೈಭಾರ ಹಾಕಿ. ಮೇಲೆ ಹೋಗುವಾಗ ಹಗ್ಗದ ಜತೆ ನೀವೂ ಹೋಗಿ.”

ಹಿರಿಯರು ಅಂಗಿಯನ್ನು ಗಾಡಿಯ ಮೇಲಿಟ್ಟು ಹೊರಟುಹೋದರು.

ಮಾರನೆಯ ಬೆಳಗ್ಗೆ ಗಂಟೆಯ ಏಟು ಸರಿಯಾಗಿ ಬಿತ್ತು. ಒಂದಾದ ಮೇಲೊಂದು, ನಿಧಾನವಾಗಿ, ಥೇಟ್ ಭಾವನದೇ. ಮಂದಕಿವಿಯ ಅಕ್ಕನೂ ಒಲೆಯ ಮುಂದಿನಿಂದ ಎದ್ದು ಬಂದು ನೋಡಿದಳು. ಭಾವ ಲೋಟ ನೆಲದ ಮೇಲಿಟ್ಟು ಕಣ್ಣು ಮುಚ್ಚಿ ಕೂತಿದ್ದರು. ಅವತ್ತು ಕಾಫಿ ಚೆಲ್ಲಲಿಲ್ಲ, ಆರಿಹೋಯಿತು, ಅಷ್ಟೇ.