ಎಂಟು ಸಾವಿರ ಕಾಯಿ, ಒಂದು ವೈರು

ದಂಡಿನಶಿವರದ ಸರ್ವಮಂಗಳ ಟೀಚರ್ ಪಾಠ ಮಾಡುತ್ತಿದ್ದ ಶಾಲೆ ಮುಚ್ಚಿ ಆರು ವರ್ಷವಾಗಿತ್ತು. ಹದಿನೆಂಟು ವರ್ಷ ಗಣಿತ ಹೇಳಿಕೊಟ್ಟ ಬಾಯಿ ಸುಮ್ಮನಿದ್ದೀತೇ? ಕಾಯಿ ಸುಲಿಯಲು ಬಂದವರಿಗೂ ಭಿನ್ನರಾಶಿ ವಿವರಿಸುತ್ತಿದ್ದರು. ಪಾಪ, ಅವರೂ ತಲೆಯಾಡಿಸುತ್ತಿದ್ದರು. ಹೀಗಿರುವಾಗ ಮನೆಯಿಂದಲೇ ಕಂಪ್ಯೂಟರಿನಲ್ಲಿ ಪಾಠ ಮಾಡುವ ಕೆಲಸಕ್ಕೆ ಕರೆ ಬಂತು ನೋಡಿ! ಶನಿವಾರ ಹನ್ನೊಂದಕ್ಕೆ ಒಂದು ಮಾದರಿ ಪಾಠ. ನಡುವೆ ಲೈನ್ ಕಟ್ಟಾದರೆ ಕೆಲಸವಿಲ್ಲ ಎಂದು ಮೊದಲೇ ಬರೆದಿದ್ದರು. ಟೀಚರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಗುರುವಾರ ಇಂಟರ್ನೆಟ್ ಹಾಕುವ ಜ್ಞಾನೇಶ್ ವೈಫೈ ಡಬ್ಬಿ ಹಿಡಿದು ಬಂದ. "ಅಕ್ಕಾ, ಡಬ್ಬಿಯಿಂದ ಕಂಪ್ಯೂಟರ್‌ಗೆ ವೈರ್ ಎಳೀಲೋ, ವೈಫೈ ಸಾಕೋ?"

"ವೈರೇ ಇರ್ಲಿ ಕಣಪ್ಪ" ಎನ್ನುವಷ್ಟರಲ್ಲಿ ಗಂಡ ತೋಂಟದಾರ್ಯ ಅಡ್ಡಬಾಯಿ ಹಾಕಿದರು. "ಮನೆ ತುಂಬ ವೈರ್ ಯಾಕ್ಲಾ? ಈಗೆಲ್ಲಾ ಗಾಳೀಲೇ ಬತ್ತದೆ. ಡಬ್ಬಿನ ಅಟ್ಟದ ಮೇಲೆ ಇಟ್ಬುಡು, ಎತ್ತರದಲ್ಲಿದ್ದಷ್ಟೂ ಒಳ್ಳೇದು."

ಟಿವಿ ಆಂಟೆನಾ ಕಾಲದ ಪಾಂಡಿತ್ಯ ಅದು, ಎದುರಾಡುವವರಾರು! ಡಬ್ಬಿ ಅಟ್ಟ ಏರಿತು. ಅಲ್ಲಿ ಕೊಬ್ಬರಿಯಾಗಲೆಂದು ಎಂಟು ಸಾವಿರ ತೆಂಗಿನಕಾಯಿ ರಾಶಿ ಬಿದ್ದಿದ್ದವು.

ಕಂಪ್ಯೂಟರ್ ಬಂದದ್ದು ಶುಕ್ರವಾರ ಸಂಜೆ. ಶನಿವಾರ ಬೆಳಿಗ್ಗೆ ಅಟ್ಟದ ಕೆಳಗಿನ ಕೋಣೆಯಲ್ಲಿ ಅದನ್ನು ಹಾಕಿ ನೋಡಿದರೆ, ಪರದೆಯ ಮೇಲೆ ಚಕ್ರ ಸುತ್ತಿದ್ದೇ ಸುತ್ತಿದ್ದು. ಜ್ಞಾನೇಶನಿಗೆ ಫೋನ್ ಹೋಯಿತು.

"ಅಕ್ಕಾ, ಅಟ್ಟದ ಕಾಯಲ್ಲಿ ನೀರೈತಾ?"

ಅತ್ತೆ ಶಿವರುದ್ರಮ್ಮ ಒಂದು ಕಾಯಿ ತರಿಸಿ ಕಿವಿಯ ಹತ್ತಿರ ಅಲ್ಲಾಡಿಸಿದರು. "ಇನ್ನೂ ಗುಳುಗುಳು ಅಂತದೆ. ನೀರು ಇಂಗಾಕೆ ದೀಪಾವಳಿ ಬರಬೇಕು."

"ಕೆಟ್ಟೆವು! ಆ ನೀರೇ ವೈಫೈನ ನುಂಗ್ತಾ ಐತೆ. ಅಮ್ಮಸಂದ್ರದಲ್ಲಿದೀನಿ, ವೈರ್ ತಗೊಂಡು ಬತ್ತೀನಿ, ತಡ್ಕಳಿ!"

ಬಂದಾಗ ಹತ್ತೂ ನಲವತ್ತು. ಅಟ್ಟದ ಹಲಗೆಗಳ ಸಂದಿನಿಂದ ವೈರ್ ಇಳಿಸಬೇಕು, ಸಂದು ಇರುವುದೋ ರಾಶಿಯ ಅಡಿಯಲ್ಲಿ. ಕೊಬ್ಬರಿಯಾಗುವ ತನಕ ಅಟ್ಟದ ರಾಶಿ ಕೆದಕಬಾರದು ಎಂಬುದು ಶಿವರುದ್ರಮ್ಮನದೇ ಕಟ್ಟುಪಾಡು. ಮಗ ತೋಂಟದಾರ್ಯ ಅವರ ಮುಖ ನೋಡಿದರು.

"ಏನ್ ನೋಡ್ತೀಯ? ಸರಿಸ್ಲಾ ತೋಂಟ! ಕಾಯಿ ಹಾಳಾದ್ರೆ ಆಗ್ಲಿ, ಅವಳ ಕೆಲಸ ಹೋಗ್ಬಾರ್ದು!"

ಗಾಳಿ ಪಂಡಿತರು ಪಂಚೆ ಎತ್ತಿ ಕಟ್ಟಿ, ಕಾಯಿಯ ಮೇಲೆ ಹೊಟ್ಟೆಯಲ್ಲಿ ತೆವಳಿದರು. ಕಾಯಿ ಉರುಳಿದವು, ಧೂಳೆದ್ದಿತು, ಮೇಲಿನಿಂದ ಸೀನಿನ ಮೇಲೆ ಸೀನು. ಹತ್ತೂ ಐವತ್ತಾರಕ್ಕೆ ಸಂದಿನಿಂದ ವೈರಿನ ತುದಿ ಇಣುಕಿತು. ಜ್ಞಾನೇಶ್ ಅದನ್ನು ಕಂಪ್ಯೂಟರಿಗೆ ಚುಚ್ಚಿದ. ಚಕ್ರ ಮಾಯ!

ಪರೀಕ್ಷಿಸುವವನು ಬೆಂಗಳೂರಿನವನು, ಐದನೇ ತರಗತಿ ಹುಡುಗನಂತೆ ನಟಿಸುತ್ತಿದ್ದ. ಟೀಚರ್ ಶುರುವಿಗೆ ತೊದಲಿದರು. ಒಂದು ಹೋಳಿಗೆಯನ್ನು ಮೂರು ಪಾಲು ಮಾಡಿದ ಮೇಲೆ ಮನೆ, ವೈರು, ಗಂಡನ ಸೀನು ಎಲ್ಲ ಮರೆತುಹೋಯಿತು. ಇಪ್ಪತ್ತನೇ ನಿಮಿಷಕ್ಕೆ, ಒಂದು ಪಾಲು ತಿಂದರೆ ಉಳಿದದ್ದೆಷ್ಟು ಎಂದು ಟೀಚರ್ ಕೇಳುತ್ತಿದ್ದಂತೆ ಆತ, "ಸಾಕು ಮೇಡಂ, ನೋಡಿದ್ದಾಯ್ತು, ನಿಲ್ಲಿಸಬಹುದು" ಎಂದ.

"ಕೂತ್ಕೊಳೋ! ಉತ್ತರ ಹೇಳದೆ ಎಲ್ಲಿಗೆ ಹೊರಟೆ?"

ಅಂದುಬಿಟ್ಟು ಬಾಯಿಗೆ ಕೈ ಅಡ್ಡ ಹಿಡಿದರು. ಬಾಗಿಲಲ್ಲಿ ಅತ್ತೆ, ಗಂಡ, ಜ್ಞಾನೇಶ್ ಕತ್ತು ಚಾಚಿ ಪರದೆ ನೋಡಿದರು.

ಪರದೆಯಲ್ಲಿ ಆತ ನೆಟ್ಟಗೆ ಕೂತ. "ಮೂರನೇ ಎರಡು, ಮಿಸ್."

"ಶಭಾಷ್. ಈಗ ಹೋಗು."

ಆತ ಜೋರಾಗಿ ನಕ್ಕ. "ಸೋಮವಾರದಿಂದ ಮೂವತ್ತು ಮಕ್ಕಳು ನಿಮಗಾಗಿ ಕಾಯ್ತಿರ್ತಾರೆ ಮಿಸ್."

ಟೀಚರ್ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಹೆಸರುಗಳನ್ನ ಈಗಲೇ ಕಳಿಸಿ, ಹಾಜರಿಗೆ ಬಾಯಿಪಾಠ ಮಾಡ್ಕೋಬೇಕು" ಎಂದರು.