ಅಪ್ಪ ಗುರುತಿಸಿದ ಆಂಟೆನಾ

ಅತ್ತಿಗುಪ್ಪೆ ಮೆಟ್ರೊ ಪ್ಲಾಟ್‌ಫಾರ್ಮಿನಿಂದ ಒಂದು ತಾರಸಿ ಕಂಡಿತು. ಅಲ್ಲಿ ಬಿದಿರಿನ ಗಳುಗಳಿಗೆ ಒಂದರೊಳಗೊಂದು ಚೌಕವಾಗಿ ತಂತಿ ಸುತ್ತಿದ ಆಂಟೆನಾ. "ಅದೇನಪ್ಪಾ?" ಎಂದಳು ಮಗಳು. ಪಕ್ಕದಲ್ಲಿದ್ದ ನನ್ನ ಅಪ್ಪ ಹಳಿಯತ್ತ ತಿರುಗಿದರು.

ನಾನು ಚಿಕ್ಕವನಿದ್ದಾಗ ರಾಜಾಜಿನಗರದ ನಮ್ಮ ವಠಾರದಲ್ಲೂ ಇಂಥದ್ದೇ ಇತ್ತು. ಮಹಡಿ ಮನೆಯ ಅಂಕಲ್, ದೂರದೂರಿನವರ ಜತೆ ಮಾತಾಡುವ ತಮ್ಮ ಹ್ಯಾಮ್ ರೇಡಿಯೊಗೆ ಕಟ್ಟಿದ್ದು. ಎಲ್ಲ ತಿಳಿದವರಂತೆ ಅಪ್ಪ, "ಇದು ಮದ್ರಾಸ್ ಟಿವಿ ಹಿಡಿಯೋ ಆಂಟೆನಾ ಕಣೋ" ಎಂದು, ಯಾರಿಗೂ ಹೇಳದೆ ನಮ್ಮ ಟಿವಿ ವೈರನ್ನು ಅದಕ್ಕೆ ಸಿಕ್ಕಿಸಿಬಿಟ್ಟರು.

ಭಾನುವಾರದ ಸಿನಿಮಾಗೆ ವಠಾರವೆಲ್ಲ ನಮ್ಮ ಹಾಲಿನಲ್ಲಿ ಕೂತಿತ್ತು. ನಾಯಕಿ ಅಳುತ್ತಿದ್ದಾಗ ಪರದೆ ತುಂಬ ಗೆರೆ ಎದ್ದು, ಅವಳ ಬಾಯಿಂದ ಅಂಕಲ್ ದನಿ ಹೊರಟಿತು: "ಹಲೋ, ಹಲೋ, ಕೇಳಿಸ್ತಾ ಇದೆಯಾ?" ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಪ್ಪ ನೆಲ ನೋಡುತ್ತಾ ಕೂತರು.

ಜನ ಏಳುವ ಮೊದಲೇ ಅಂಕಲ್ ನಮ್ಮ ವೈರನ್ನು ನೀಟಾಗಿ ಸುತ್ತಿಕೊಂಡು ಬಂದರು. "ಒಂದೊಂದು ಚೌಕ ಒಂದೊಂದು ರೇಡಿಯೊ ಬ್ಯಾಂಡಿಗೆ ಸಾರ್. ನಾನು ರೇಡಿಯೊದಲ್ಲಿ ಮಾತಾಡುವಾಗ ತಂತಿ ಮುಟ್ಟಿದ್ರೆ ಕೈ ಸುಡತ್ತೆ. ನಿಮಗೇನೂ ಆಗಿಲ್ವಲ್ಲ?" ಬೈದಿದ್ದರೇ ವಾಸಿಯಿತ್ತು. ಅಷ್ಟು ಜನರ ಮುಂದೆ ಅಪ್ಪನ ಕಿವಿ ಕೆಂಪಾದದ್ದು ನೋಡಿ ನಾನು ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

"ಅದು ಹ್ಯಾಮ್ ರೇಡಿಯೊದ್ದು ಪುಟ್ಟಿ" ಎಂದೆ ಮಗಳಿಗೆ, ಮೆಲ್ಲಗೆ.

"ಟ್ರೇನ್ ಬಂತು, ನಡೀರಿ" ಎಂದರು ಅಪ್ಪ. ಹಳಿ ಖಾಲಿಯಿತ್ತು.